ಕಾಫಿಯ ಬೆಟ್ಟದಲ್ಲಿ ಚಹದ ಒಲೆ

ಪ್ರವಾಸ ಹೊರಟವರಿಗೆ ನೋಡತಕ್ಕ ಸ್ಥಳಗಳ ಪಟ್ಟಿ ಎಷ್ಟು ಮುಖ್ಯವೋ, ನಾಲ್ಕು ಗಂಟೆಯ ಚಹ ಎಲ್ಲಿ ಸಿಕ್ಕೀತು ಎಂಬ ಚಿಂತೆಯೂ ಅಷ್ಟೇ ಮುಖ್ಯ. ಈ ಮಾತನ್ನು ಎಲ್ಲರೂ ಬಾಯಿಬಿಟ್ಟು ಒಪ್ಪುವುದಿಲ್ಲ. ಆದರೆ ನಾಲ್ಕೂಕಾಲು ಗಂಟೆಗೆ ಅವರ ಮುಖಗಳನ್ನು ನೋಡಿದರೆ ಸಾಕು, ನಿಜ ತಿಳಿಯುತ್ತದೆ.

ಮನೆಯಿಂದ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗಬಹುದಲ್ಲ ಎನ್ನುವವರಿದ್ದಾರೆ. ಫ್ಲಾಸ್ಕಿನ ಚಹವೂ ಚಹವೇ. ಆದರೆ ಬೆಳಗ್ಗೆ ಹುಟ್ಟಿದ ಚಹ ಸಂಜೆಯ ಹೊತ್ತಿಗೆ ಮುದಿಯಾಗಿರುತ್ತದೆ. ಬಯಲಿನಲ್ಲಿ ಕುಳಿತು, ಎದುರಿಗೆ ಬೆಟ್ಟದ ಸಾಲನ್ನು ಇಟ್ಟುಕೊಂಡು, ನೀರು ಕುದಿಯುವ ಸದ್ದನ್ನು ಕೇಳುತ್ತ ಕಾದು ಕುಡಿದ ಚಹದ ರುಚಿ ಅದಕ್ಕೆ ಎಲ್ಲಿಂದ ಬಂದೀತು?

ನಮ್ಮ ಮನೆಯಲ್ಲಿ ಈ ರುಚಿಯ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿದ್ದದ್ದು ಒಲೆಯ ಬಗ್ಗೆ. ನನ್ನ ಮಾವನವರು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು; ವಯಸ್ಸು ಎಪ್ಪತ್ತನಾಲ್ಕು. ಅವರ ಪ್ರಕಾರ ಹೊರಗಿನ ಚಹಕ್ಕೆ ಮೂರು ಕಲ್ಲು, ನಾಲ್ಕು ಒಣ ಪುಳ್ಳೆ ಇವೇ ಶ್ರೇಷ್ಠ. ಹೊಗೆಯ ಒಂದು ಎಳೆ ಪಾತ್ರೆಗೆ ಇಳಿಯದಿದ್ದರೆ ಅದು ಹೊರಗಿನ ಚಹವೇ ಅಲ್ಲ. ನನ್ನ ಬಾಲ್ಯದ ನೆನಪೆಲ್ಲ ಹಿತ್ತಾಳೆಯ ಪಂಪ್ ಸ್ಟೌವಿನದು. ಸ್ಪಿರಿಟ್ಟು ಸುರಿದು ಬಿಸಿ ಮಾಡಿ, ಗಾಳಿ ಒತ್ತಿ, ಪಿನ್ನು ಚುಚ್ಚಿ, ಅದು ಭುಸ್ಸೆಂದು ಒಮ್ಮೆ ಹೆದರಿಸಿದ ಮೇಲೆ ನೀಲಿ ಜ್ವಾಲೆ ನಿಲ್ಲುತ್ತಿತ್ತು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರ ಸುಮಾರಿಗೆ ರೂಪಿಸಿದ ಈ ಬಗೆಯ ಸ್ಟೌ ಲೋಕವನ್ನೆಲ್ಲ ಸುತ್ತಿತು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ಕೊನೆಯ ಶಿಬಿರದಲ್ಲಿ ಹಿಮ ಕರಗಿಸಿ ನೀರು ಮಾಡಿಕೊಂಡದ್ದು ಅಂಥ ಸೀಮೆಎಣ್ಣೆ ಸ್ಟೌವಿನ ಮೇಲೆಯೇ. ಆದರೆ ಕಾರಿನ ಡಿಕ್ಕಿಯಲ್ಲಿ ಸೀಮೆಎಣ್ಣೆ ಚೆಲ್ಲಿ, ಚಪಾತಿಯ ಡಬ್ಬಿಗೆಲ್ಲ ಅದರ ವಾಸನೆ ಹಿಡಿದ ದಿನ ನನ್ನ ಮಡದಿ ಅದಕ್ಕೆ ಗಡೀಪಾರು ವಿಧಿಸಿದಳು.

ಹೀಗಿರುವಾಗ ಕಳೆದ ವರ್ಷ ಡಿಸೆಂಬರಿನಲ್ಲಿ ನನ್ನ ಭಾವಮೈದುನ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಬರ್ನರನ್ನೂ, 230 ಗ್ರಾಂ ಅನಿಲ ತುಂಬಿದ ಎರಡು ತಗಡಿನ ಡಬ್ಬಿಗಳನ್ನೂ ತಂದು ಮೇಜಿನ ಮೇಲಿಟ್ಟ.

“ಭಾವ, ಇನ್ನು ಮೇಲೆ ನಿಮ್ಮ ಚಹದ ಚಿಂತೆ ನನ್ನದು,” ಎಂದ.

ಮಾವನವರು ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿದರು. “ಇದು ಒಲೆಯೋ, ಗಡಿಯಾರದ ಬಿಡಿಭಾಗವೋ?” ಎಂದರು.

ಆ ವಾರದ ಕೊನೆಯಲ್ಲೇ ಪ್ರಯಾಣ ಗೊತ್ತಾಯಿತು. ಚಿಕ್ಕಮಗಳೂರಿನ ಬಳಿ, ಬಾಬಾ ಬುಡನ್‌ಗಿರಿಯ ತಪ್ಪಲಿನಲ್ಲಿ, ನನ್ನ ಹಳೆಯ ಸಹಪಾಠಿಯೊಬ್ಬರ ಕಾಫಿ ತೋಟವಿದೆ. ಬಂಗಲೆಯಿಂದ ಒಂದು ಮೈಲಿ ಮೇಲಕ್ಕೆ ಕಾಫಿ ಒಣಗಿಸುವ ಒಂದು ಕಣ. ಕಣದ ಅಂಚಿನಲ್ಲಿ ಚಿಕ್ಕ ಬಯಲು. ಅಲ್ಲಿ ಡೇರೆ ಹಾಕಿ ಒಂದು ರಾತ್ರಿ ತಂಗುವುದು, ಮರುದಿನ ಮುಳ್ಳಯ್ಯನಗಿರಿ ಹತ್ತುವುದು ಎಂದು ನಿಶ್ಚಯಿಸಿದೆವು. ಬೆಂಗಳೂರಿನಿಂದ ಸುಮಾರು 245 ಕಿಲೋಮೀಟರ್ ದಾರಿ. ಹಾಸನ, ಬೇಲೂರುಗಳನ್ನು ದಾಟಿ, ಮಧ್ಯಾಹ್ನ ಮೂರರ ಹೊತ್ತಿಗೆ ತೋಟದ ಗೇಟು ಹೊಕ್ಕೆವು.

ಯೆಮೆನಿನಿಂದ ಏಳು ಕಾಫಿ ಬೀಜಗಳನ್ನು ತಂದು ಬಾಬಾ ಬುಡನ್‌ರು ಈ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಅಂಥ ಗಿರಿಯ ಮಗ್ಗುಲಲ್ಲಿ ಕುಳಿತು ಚಹ ಕಾಯಿಸುವುದು ಅಪಚಾರವಲ್ಲವೇ ಎಂದು ನನ್ನ ಸಹಪಾಠಿ ನಗುತ್ತಲೇ ಆಕ್ಷೇಪಿಸಿದರು. ನನ್ನ ಉತ್ತರ ಸಿದ್ಧವಾಗಿತ್ತು. ಕಾಫಿಗೆ ಫಿಲ್ಟರು ಬೇಕು, ಡಿಕಾಕ್ಷನ್ ತೊಟ್ಟಿಕ್ಕುವ ತನಕ ತಾಳ್ಮೆ ಬೇಕು, ಹಾಲನ್ನು ಬೇರೆ ಕಾಯಿಸಬೇಕು. ಚಹಕ್ಕೆ ಒಂದೇ ಪಾತ್ರೆ, ಒಂದೇ ಉರಿ. ಮನೆಯಲ್ಲಿ ಕಾಫಿ ರಾಜ. ಆದರೆ ಬಯಲಿನಲ್ಲಿ ಕಾಲ್ನಡಿಗೆಯ ಸೈನಿಕ ಚಹವೇ.

ಕಣದ ತುಂಬ ಅರೇಬಿಕಾ ಕಾಫಿ ಹರಡಿತ್ತು. ಸಿಪ್ಪೆ ಬಿಡಿಸಿದ ಬೀಜಗಳು ಸಂಜೆಯ ಬಿಸಿಲಿನಲ್ಲಿ ಮಂಕಾದ ಮುತ್ತಿನಂತೆ ಕಾಣುತ್ತಿದ್ದವು. ಇಬ್ಬರು ಹೆಂಗಸರು, ಇಬ್ಬರು ಗಂಡಸರು ಅವನ್ನು ಸಾಲುಸಾಲಾಗಿ ಕೆದರಿ ತಿರುವುತ್ತಿದ್ದರು. ಸುತ್ತಲೂ ಸಿಲ್ವರ್ ಓಕ್ ಮರಗಳು, ಅವುಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳು, ಅವುಗಳ ಮೇಲೆ ನೀಲಿಯಾಗಿ ನಿಂತ ಬೆಟ್ಟದ ಗೋಡೆ. ನನ್ನ ಹತ್ತು ವರ್ಷದ ಮಗಳು ಕಣದ ಅಂಚಿನಲ್ಲೇ ಕುಳಿತುಬಿಟ್ಟಳು. ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು.

ಮೊದಲ ಪ್ರಯೋಗ ಅಂದಿನ ನಾಲ್ಕು ಗಂಟೆಗೆ. ಡಬ್ಬಿಯ ತಲೆಗೆ ಬರ್ನರನ್ನು ತಿರುಪಿ ಕೂರಿಸಿ, ಕಿವಿಯನ್ನು ತಿರುಗಿಸಿ, ಕಡ್ಡಿ ಗೀರಿದ್ದಾಯಿತು. ಒಡನೆಯೇ ಉರಿ. ಸ್ಪಿರಿಟ್ಟಿಲ್ಲ, ಪಿನ್ನಿಲ್ಲ, ಊದುಕೊಳವೆಯಿಲ್ಲ, ಕಣ್ಣೀರಿಲ್ಲ. ಆದರೆ ಬೆಟ್ಟದ ಗಾಳಿ ಜ್ವಾಲೆಯನ್ನು ಪಾತ್ರೆಯ ಕೆಳಗಿನಿಂದ ಆಚೆಗೆ ತಳ್ಳುತ್ತಿತ್ತು. ಐದು ನಿಮಿಷದಲ್ಲಿ ಕುದಿಯಬೇಕಾದ ಒಂದು ಲೀಟರು ನೀರು ಹತ್ತು ನಿಮಿಷವಾದರೂ ಬೆಚ್ಚಗೇ ಇತ್ತು.

ಇಲ್ಲಿ ನನ್ನ ಜಾಣತನ ಜಾಗೃತವಾಯಿತು. ಅಲ್ಲೇ ಬಿದ್ದಿದ್ದ ಚಪ್ಪಟೆ ಕಲ್ಲುಗಳನ್ನು ತಂದು ಒಲೆಯ ಸುತ್ತ ನಾಲ್ಕೂ ಕಡೆ ಕೋಟೆ ಕಟ್ಟಿದೆ. ಜ್ವಾಲೆ ನೆಟ್ಟಗೆ ನಿಂತಿತು, ನೀರು ಹಾಡತೊಡಗಿತು. ನಾನು ಹೆಮ್ಮೆಯಿಂದ ಚಹಪುಡಿಯ ಡಬ್ಬಿಗೆ ಕೈಹಾಕಿದ್ದೆ. ಅಷ್ಟರಲ್ಲಿ ಮಾವನವರು ಸರಸರನೆ ಬಂದು, ಮೇಲಿನ ಎರಡು ಕಲ್ಲುಗಳನ್ನು ಕಾಲಿನಿಂದ ಉರುಳಿಸಿ, ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಂಡು ಒಲೆಯ ಕಿವಿಯನ್ನು ತಿರುಗಿಸಿ ಆರಿಸಿದರು.

“ಡಬ್ಬಿಯನ್ನು ಮುಟ್ಟಿ ನೋಡಿ, ಅಳಿಯಂದಿರೆ,” ಎಂದರು.

ಮುಟ್ಟಿದೆ, ಕೈ ಇಡಲಾಗಲಿಲ್ಲ.

“ಒಳಗಿರುವುದು ಒತ್ತಡದಿಂದ ದ್ರವವಾಗಿರುವ ಅನಿಲ. ಕಾದಷ್ಟೂ ಒತ್ತಡ ಏರುತ್ತದೆ. ನೀವು ಅದರ ಸುತ್ತ ಕುಲುಮೆ ಕಟ್ಟಿದಿರಿ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಡಬ್ಬಿ ಒಡೆಯುತ್ತಿತ್ತು. ಮಗು ಎಷ್ಟು ದೂರದಲ್ಲಿದ್ದಳು ನೋಡಿದಿರಾ?”

ಮಗಳು ಮೂರು ಮಾರು ದೂರದಲ್ಲಿ ಲೋಟಗಳನ್ನು ಸಾಲಾಗಿ ಇಡುತ್ತಿದ್ದಳು. ನನಗೆ ಮಾತು ಹೊರಡಲಿಲ್ಲ. ಮಾವನವರು ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಲಿಲ್ಲ. ಡಬ್ಬಿ ತಣ್ಣಗಾದ ಮೇಲೆ, ಗಾಳಿ ಬರುವ ಕಡೆಗೆ ಮಾತ್ರ, ಅದೂ ಒಂದು ಗೇಣು ದೂರದಲ್ಲಿ, ಎರಡು ಕಲ್ಲು ನಿಲ್ಲಿಸಿದರು. ಉಳಿದ ಮೂರು ಕಡೆ ಬಯಲು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿದರು. ನಡುನಡುವೆ ಡಬ್ಬಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಚಹವಾಯಿತು. ಚೆನ್ನಾಗಿಯೂ ಇತ್ತು. ಆದರೆ ಆ ಚಹವನ್ನು ನಾನು ತಲೆ ತಗ್ಗಿಸಿಕೊಂಡೇ ಕುಡಿದೆ.

ಐದೂವರೆಯ ಹೊತ್ತಿಗೆ ಮೂಡಣದಿಂದ ಮೋಡ ಕವಿಯಿತು. ಡಿಸೆಂಬರಿನ ಮಳೆ ನಗರದವರಿಗೆ ಒಂದು ಸೋಜಿಗ. ಕಾಫಿ ಬೆಳೆಗಾರನಿಗೆ ಅದು ಸಂಕಟ. ಕಣದಲ್ಲಿ ಅರ್ಧ ಒಣಗಿದ ಬೀಜ ನೆನೆದರೆ ಬಣ್ಣಗೆಡುತ್ತದೆ, ಬೂಸಲು ಹಿಡಿಯುತ್ತದೆ. ವರ್ಷದ ದುಡಿಮೆಯ ಬೆಲೆ ಇಳಿದುಹೋಗುತ್ತದೆ. ನನ್ನ ಸಹಪಾಠಿ ಬಂಗಲೆಯಿಂದ ಜೀಪಿನಲ್ಲಿ ಏರಿ ಬಂದವರೇ ಬೂಟು ಕಳಚಿ ಕಣಕ್ಕೆ ಇಳಿದರು. ಆಳುಗಳು ಹಲಗೆಗಳಿಂದ ಬೀಜವನ್ನು ಗುಡ್ಡೆ ಮಾಡತೊಡಗಿದರು. ನಾವೂ ಸುಮ್ಮನೆ ನಿಲ್ಲಲಾರದೆ ಕೈಜೋಡಿಸಿದೆವು. ನನ್ನ ಮಡದಿ ಸೆರಗು ಬಿಗಿದು ಟಾರ್ಪಾಲಿನ ಒಂದು ತುದಿ ಹಿಡಿದಳು. ಮಗಳು ತುದಿಗಳ ಮೇಲೆ ಕಲ್ಲು ಹೇರಿದಳು. ಕೊನೆಯ ಗುಡ್ಡೆಯನ್ನು ಮುಚ್ಚುವುದಕ್ಕೂ ಮಳೆ ರಪರಪನೆ ಬೀಳುವುದಕ್ಕೂ ಸರಿಹೋಯಿತು. ಗುಡ್ಡೆಗಳು ಒಣಗಿ ಉಳಿದವು. ನಾವು ಹತ್ತು ಮಂದಿ ಮಾತ್ರ ತೊಯ್ದು ತೊಪ್ಪೆಯಾದೆವು.

ಮಳೆ ಸೋನೆಗೆ ಇಳಿದಾಗ ಕತ್ತಲಾಗಿತ್ತು. ತಣ್ಣನೆ ಗಾಳಿಗೆ ಮಾವನವರ ಕೈ ನಡುಗುತ್ತಿತ್ತು. ಆಳುಗಳಲ್ಲಿ ವಯಸ್ಸಾದ ಹೆಂಗಸೊಬ್ಬರು ಗೋಣಿಚೀಲ ಹೊದ್ದು ಮುದುಡಿ ಕುಳಿತಿದ್ದರು. ಪುಳ್ಳೆಗಳೆಲ್ಲ ನೆನೆದು ನೀರಿಳಿಯುತ್ತಿದ್ದವು. ಮೂರು ಕಲ್ಲಿನ ಒಲೆಯ ಮಾತನ್ನು ಮಾವನವರೂ ಎತ್ತಲಿಲ್ಲ.

“ಡೇರೆಯೊಳಗೆ ಒಲೆ ಹಚ್ಚೋಣ ಭಾವ. ಮಳೆಯೂ ಇಲ್ಲ, ಗಾಳಿಯೂ ಇಲ್ಲ, ಡೇರೆಯೂ ಬೆಚ್ಚಗಾಗುತ್ತದೆ,” ಎಂದ ಭಾವಮೈದುನ. ನನಗೂ ಅದು ಸರಿಯೆನಿಸಿತು. ಒಲೆ ಹಿಡಿದು ಅವನು ಡೇರೆಯ ಬಾಗಿಲಿಗೆ ಬಗ್ಗಿಯೂ ಆಗಿತ್ತು.

“ಹೊರಗೆ ಬಾ!” ಎಂಬ ಕೂಗು ಕೇಳಿತು. ಮಾವನವರು ದನಿಯೇರಿಸಿದ್ದನ್ನು ಹದಿನೈದು ವರ್ಷಗಳಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಅವರು ಮೆಲ್ಲಗೆ ಹೇಳಿದರು. ಅವರು ಮಲೆನಾಡಿನ ಒಂದೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಪಕ್ಕದ ಕೋಣೆಯಲ್ಲಿ ಒಬ್ಬ ತರುಣ ಉಪಾಧ್ಯಾಯರಿದ್ದರು. ಆಷಾಢದ ಒಂದು ರಾತ್ರಿ ಚಳಿ ತಾಳಲಾರದೆ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು, ಕಿಟಕಿ ಬಾಗಿಲು ಭದ್ರಪಡಿಸಿ ಮಲಗಿದರು. ಬೆಳಗ್ಗೆ ಬಾಗಿಲು ಒಡೆಯಬೇಕಾಯಿತು. “ಮುಖದಲ್ಲಿ ಕೆಂಪು ಹಾಗೇ ಇತ್ತು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಎರಡು ಸಲ ಹೆಸರು ಹಿಡಿದು ಕರೆದೆ,” ಎಂದು ಮಾವನವರು ಸುಮ್ಮನಾದರು.

ಸ್ವಲ್ಪ ಹೊತ್ತಿನ ಮೇಲೆ ಅವರೊಳಗಿನ ಮೇಷ್ಟ್ರು ಎದ್ದರು. ಉರಿಗೆ ಗಾಳಿ ಸಾಲದಿದ್ದರೆ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕುಳಿತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಂಪರು ಬಂದವನಿಗೆ ಎದ್ದು ಹೊರಗೆ ಹೋಗುವ ಬುದ್ಧಿಯೂ ಶಕ್ತಿಯೂ ಉಳಿಯುವುದಿಲ್ಲ. ಕೆಂಡವಾಗಲಿ, ಸೀಮೆಎಣ್ಣೆಯಾಗಲಿ, ಅನಿಲವಾಗಲಿ, ಮುಚ್ಚಿದ ಜಾಗದಲ್ಲಿ ಎಲ್ಲವೂ ಒಂದೇ. ಇನ್ನು ಅನಿಲ ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ಡೇರೆಯ ತಳದಲ್ಲಿ, ಮಲಗಿದವರ ಮಗ್ಗುಲಲ್ಲೇ ಶೇಖರವಾಗುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲದೆ ಇರುವುದರಿಂದಲೇ, ಸೋರಿಕೆ ತಿಳಿಯಲೆಂದು ದುರ್ಗಂಧದ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ.

“ಹಾಗಾದರೆ ಚಹ ಇಲ್ಲವೇ ತಾತ?” ಎಂದಳು ಮಗಳು.

“ಇದೆ. ಎರಡು ಕೊಡೆ ತೆಗೆದುಕೊಂಡು ಬಾ,” ಎಂದರು ತಾತ.

ಹೀಗೆ, ಸೋನೆಮಳೆಯಲ್ಲಿ, ಹುಲ್ಲಿಲ್ಲದ ಚಪ್ಪಟೆ ಬಂಡೆಯ ಮೇಲೆ ಒಲೆಯನ್ನಿಟ್ಟು, ಅದರ ಮೇಲೆ ಎತ್ತರದಲ್ಲಿ ನಾನೊಂದು ಕೊಡೆ, ಭಾವಮೈದುನನೊಂದು ಕೊಡೆ ಹಿಡಿದು ನಿಂತೆವು. ಪ್ರತಿಷ್ಠಾಪನೆಗೆ ಹೊರಟ ಉತ್ಸವಮೂರ್ತಿಗೂ ಅಂಥ ಸೇವೆ ಸಂದಿರಲಾರದು. ಮೊದಲ ಪಾತ್ರೆ ಆರು ನಿಮಿಷದಲ್ಲಿ ಕುದಿಯಿತು. ಜಜ್ಜಿದ ಶುಂಠಿ, ಚಹಪುಡಿ, ಸಕ್ಕರೆ, ಹಾಲು. ಮೊದಲ ಐದು ಲೋಟ ಕಣದ ಆಳುಗಳಿಗೂ ನನ್ನ ಸಹಪಾಠಿಗೂ ಹೋಯಿತು.

ಎರಡನೆಯ ಪಾತ್ರೆಗೆ ಉರಿ ಕುಗ್ಗತೊಡಗಿತು. ಅನಿಲ ಮುಗಿಯಿತೆಂದು ನಾನು ಕೈಚೆಲ್ಲಿದೆ. ಮಾವನವರು ಒಲೆ ಆರಿಸಿ ಡಬ್ಬಿಯನ್ನು ಅಲುಗಿಸಿದರು. ಒಳಗೆ ದ್ರವ ತುಳುಕಿತು. ಮೈ ಮಂಜುಗಡ್ಡೆಯಂತೆ ತಣ್ಣಗಿತ್ತು. ದ್ರವ ಆವಿಯಾಗುವಾಗ ಡಬ್ಬಿಯ ಶಾಖವನ್ನೇ ಹೀರಿಕೊಳ್ಳುತ್ತದೆ. ಬ್ಯುಟೇನು ಸೊನ್ನೆ ಡಿಗ್ರಿಗಿಂತ ಕೊಂಚ ಕೆಳಗೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನಿಗೆ ಆ ತೊಂದರೆ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಇಳಿಯುವ ತನಕ ಇಲ್ಲ. ಆದ್ದರಿಂದಲೇ ಹಿಮದ ಬೆಟ್ಟಗಳಿಗೆ ಒಯ್ಯುವ ಡಬ್ಬಿಗಳಲ್ಲಿ ಪ್ರೊಪೇನನ್ನೂ ಐಸೊಬ್ಯುಟೇನನ್ನೂ ಬೆರೆಸಿರುತ್ತಾರೆ. ನಮ್ಮದು ಅಗ್ಗದ ಡಬ್ಬಿ, ಬ್ಯುಟೇನೇ ಹೆಚ್ಚು. ಮಾವನವರು ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಡಬ್ಬಿಯ ತಳವನ್ನು ಅದರಲ್ಲಿ ನಿಲ್ಲಿಸಿ ಮತ್ತೆ ಹಚ್ಚಿದರು. “ಬಿಸಿನೀರಲ್ಲ, ನೆನಪಿರಲಿ, ಮಗುವಿನ ಸ್ನಾನದ ನೀರಿನಷ್ಟು ಮಾತ್ರ,” ಎಂದರು. ಉರಿ ಮತ್ತೆ ಚೇತರಿಸಿಕೊಂಡಿತು.

ಗೋಣಿಚೀಲ ಹೊದ್ದಿದ್ದ ಆ ಹೆಂಗಸು ಲೋಟವನ್ನು ಎರಡೂ ಕೈಗಳಿಂದ ಹಿಡಿದು, ಕುಡಿಯುವುದಕ್ಕೆ ಮೊದಲು ಸ್ವಲ್ಪ ಹೊತ್ತು ಕೆನ್ನೆಗೆ ಒತ್ತಿಕೊಂಡರು. “ಹೊಗೇನೇ ಇಲ್ವಲ್ಲ ಸ್ವಾಮಿ. ದಿನಾ ಒಲೆ ಊದೋರಿಗೆ ಇದು ಗೊತ್ತಾಗುತ್ತೆ,” ಎಂದರು. ಹೊಗೆಯ ಎಳೆಯನ್ನು ಹೊಗಳುತ್ತಿದ್ದ ನಮ್ಮ ಮಾವನವರು ಆ ಮಾತಿಗೆ ಉತ್ತರ ಕೊಡಲಿಲ್ಲ. ಬಿಡುವಿನ ದಿನ ಹೊಗೆಯನ್ನು ಬಯಸುವುದೇ ಬೇರೆ, ದಿನವೂ ಅದನ್ನು ಉಸಿರಾಡುವುದೇ ಬೇರೆ.

ಮರುದಿನ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮಗಳು ನೆನ್ನೆ ಚಹ ಮಾಡಿದ ಜಾಗ ಯಾವುದೆಂದು ಹುಡುಕಿದಳು. ಬಂಡೆಯ ಮೇಲೆ ಬೂದಿಯಿಲ್ಲ, ಮಸಿಯಿಲ್ಲ, ಅರೆಸುಟ್ಟ ಕೊಳ್ಳಿಯಿಲ್ಲ. ಸ್ವಲ್ಪ ದೂರದಲ್ಲಿ ಹಿಂದೆಂದೋ ಬಂದವರು ಹಚ್ಚಿದ್ದ ಬೆಂಕಿಯ ಕರಿಯ ವೃತ್ತ ಮಾತ್ರ ಇತ್ತು. ಅದರ ನಡುವೆ ಹುಲ್ಲು ಇನ್ನೂ ಚಿಗುರಿರಲಿಲ್ಲ. ಈ ಒಲೆಯ ಗುಣಗಳಲ್ಲಿ ದೊಡ್ಡದು ಯಾವುದೆಂದು ನನಗೆ ಹೊಳೆದದ್ದು ಅಲ್ಲಿ. ಬೇಗ ಕುದಿಯುತ್ತದೆ, ಹಗುರವಾಗಿದೆ, ಪಾತ್ರೆ ಕರಿಯಾಗುವುದಿಲ್ಲ ಎಂಬುವೆಲ್ಲ ನಮಗೆ ಆಗುವ ಅನುಕೂಲಗಳು. ಬೆಟ್ಟಕ್ಕೆ ಆಗುವ ಅನುಕೂಲ ಬೇರೆ: ನಾವು ಬಂದುಹೋದದ್ದು ಅದಕ್ಕೆ ತಿಳಿಯುವುದಿಲ್ಲ.

ಅಂದು ಮುಳ್ಳಯ್ಯನಗಿರಿಯನ್ನು ಹತ್ತಿದೆವು. ಸುಮಾರು 1,930 ಮೀಟರ್ ಎತ್ತರದ ಇದು ಕರ್ನಾಟಕದ ಅತ್ಯುನ್ನತ ಶಿಖರ. ರಸ್ತೆ ಮುಗಿದ ಮೇಲೆ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ಗುಡಿ. ಗುಡಿಯ ಸುತ್ತ ಆಕಾಶ. ಇಷ್ಟೆತ್ತರದಲ್ಲಿ ನೀರು 100 ಡಿಗ್ರಿಗೆ ಬದಲಾಗಿ 94ಕ್ಕೂ ಕೊಂಚ ಕೆಳಗೇ ಕುದಿಯುತ್ತದೆ. ಆದ್ದರಿಂದ ಎತ್ತರದಲ್ಲಿ ಚಹಪುಡಿಯನ್ನು ಒಂದೆರಡು ನಿಮಿಷ ಹೆಚ್ಚಿಗೆ ಕುದಿಸಬೇಕೆಂದು ಮಾವನವರು ಮೊಮ್ಮಗಳಿಗೆ ಪಾಠ ಹೇಳಿದರು. ಆದರೆ ಒಲೆಯನ್ನು ನಾವು ಕಾರಿನಲ್ಲೇ ಬಿಟ್ಟು ಬಂದಿದ್ದೆವು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1963ರ ಕರ್ನಾಟಕ ಅರಣ್ಯ ಕಾಯಿದೆ ನಿಷೇಧಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ, ಆ ಇಳಿಜಾರುಗಳ ಹುಲ್ಲನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಜನವರಿ ಕಳೆಯುವಷ್ಟರಲ್ಲಿ ಅದು ಒಣಗಿ ಗರಿಗರಿಯಾಗುತ್ತದೆ. ಒಂದು ಕಿಡಿ ಬಿದ್ದರೆ ಕಣಿವೆಯ ಶೋಲಾ ಕಾಡಿನ ಅಂಚಿನವರೆಗೂ ಓಡುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಶಿಖರದಲ್ಲಿ ನಾವು ಕುಡಿದದ್ದು ಬೆಳಗ್ಗೆ ಕಣದ ಬಳಿ ಕಾಯಿಸಿ ಫ್ಲಾಸ್ಕಿಗೆ ತುಂಬಿದ ಚಹ. ಒಂದೂವರೆ ಗಂಟೆಯ ವಯಸ್ಸಿನ ಆ ಚಹ ಇನ್ನೂ ಮುದಿಯಾಗಿರಲಿಲ್ಲ.

ಇಂಥ ಒಲೆಯನ್ನು ಕೊಳ್ಳಬೇಕೆನ್ನುವ ಓದುಗರಿಗೆ ಒಂದೆರಡು ಮಾತು. ಗಾಳಿಯಿಲ್ಲದ ಕಡೆ, ಮುಚ್ಚಳವಿಟ್ಟು ಕಾಯಿಸಿದರೆ 230 ಗ್ರಾಂ ಡಬ್ಬಿಯಲ್ಲಿ ಸುಮಾರು 12ರಿಂದ 15 ಲೀಟರು ನೀರು ಕುದಿಯುತ್ತದೆ. ಒಂದು ಸಂಸಾರದ ಎರಡು ದಿನಕ್ಕೆ ಧಾರಾಳ. ಡಬ್ಬಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ರೈಲಿನಲ್ಲಿ, ವಿಮಾನದಲ್ಲಿ ಒಯ್ಯಲೇಕೂಡದು. 2023ರ ಆಗಸ್ಟ್ 26ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲುಬೋಗಿಯಲ್ಲಿ, ಕದ್ದು ತಂದಿದ್ದ ಅನಿಲದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತದ್ದನ್ನು ಮರೆಯಬಾರದು. ಮತ್ತೆ, ಖಾಲಿ ಡಬ್ಬಿ ಬೂದಿಯಂತೆ ಮಣ್ಣಾಗುವ ವಸ್ತುವಲ್ಲ. ಅದನ್ನು ಬೆಟ್ಟದಲ್ಲಿ ಎಸೆದು ಬಂದರೆ ಮೂರು ಕಲ್ಲಿನ ಒಲೆಯೇ ಮೇಲಾಗಿತ್ತು ಎನ್ನಬೇಕಾಗುತ್ತದೆ. ಹೊತ್ತು ಹೋದವರೇ ಹೊತ್ತು ತರಬೇಕು.

ಮನೆಗೆ ಬಂದ ಮೇಲೆ ಮಾವನವರು ಆ ಬರ್ನರನ್ನು ಒರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಂಡರು. ಭಾವಮೈದುನ ಕೇಳಿದಾಗ, “ನಿಮ್ಮಿಬ್ಬರ ಕೈಗೆ ಇದನ್ನು ಕೊಡುವಂತಿಲ್ಲ. ಮುಂದಿನ ಪ್ರಯಾಣ ಯಾವಾಗ ಎಂದು ಹೇಳಿ, ಒಲೆಯ ಜೊತೆ ನಾನೂ ಬರುತ್ತೇನೆ,” ಎಂದರು.